ಪರ್ವತಿಯ 103 ಮೆಟ್ಟಿಲುಗಳು

ಪುಣೆಯ ಸಹಕಾರನಗರದಲ್ಲಿರುವ ನಮ್ಮ ಮನೆಯ ಬಾಲ್ಕನಿಯಿಂದ ಪರ್ವತಿ ಗುಡ್ಡ ಕಾಣುತ್ತದೆ. ಎಂಟು ವರ್ಷ ಅದನ್ನು ನೋಡುತ್ತಲೇ ಚಹಾ ಕುಡಿದೆ, ಒಮ್ಮೆಯೂ ಹತ್ತಲಿಲ್ಲ. ಬೆಳಿಗ್ಗೆ ಕ್ಯಾಬ್ ಹಿಡಿದು ಹಿಂಜವಡಿ, ದಿನವಿಡೀ ಕುರ್ಚಿ, ರಾತ್ರಿ ಮತ್ತೆ ಕ್ಯಾಬ್. ಎರಡು ಸಲ ಜಿಮ್‌ಗೆ ವರ್ಷದ ದುಡ್ಡು ಕಟ್ಟಿ, ಎರಡೂ ಸಲ ಮೂರನೇ ವಾರಕ್ಕೆ ಬಿಟ್ಟೆ.

ಕಳೆದ ವರ್ಷ ಆರೋಗ್ಯ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಅಪ್ಪ ಆ ಹೊಸ್ತಿಲನ್ನು ನಲವತ್ತಕ್ಕೇ ದಾಟಿದ್ದರು. ಕೊನೆಗೆ ಕಾಲಿನ ಎರಡು ಬೆರಳು ಕಳೆದುಕೊಂಡರು. ನನಗೀಗ ಮೂವತ್ತೆಂಟು. ವರದಿಯನ್ನು ಹೆಂಡತಿಗೆ ತೋರಿಸಿದೆ, ಅವ್ವನಿಗೆ ಹೇಳಲಿಲ್ಲ.

ದೀಪಾವಳಿಗೆ ಧಾರವಾಡದಿಂದ ಅವ್ವ ಬಂದಳು. ಬಾಲ್ಕನಿಯಲ್ಲಿ ನಿಂತು, "ಇಷ್ಟು ಸನಿಹ ದೇವರ ಗುಡಿ ಐತಿ, ಒಮ್ಮೆನೂ ಹೋಗಿಲ್ಲೇನಪಾ?" ಅಂದಳು. ಮರುದಿನ ಬೆಳಿಗ್ಗೆ ಆರಕ್ಕೆ ಹೊರಟೆವು.

ಪರ್ವತಿಗೆ 103 ಮೆಟ್ಟಿಲು. ಅಗಲವಾದ ಕಲ್ಲಿನ ಮೆಟ್ಟಿಲುಗಳು. ಆನೆಗಳೂ ಹತ್ತಲೆಂದು ಹಾಗೆ ಕಟ್ಟಿದರು ಎಂದು ಇಲ್ಲಿಯವರು ಹೇಳುತ್ತಾರೆ. ಅರ್ಧ ದಾರಿಗೆ ನನಗೆ ಏದುಸಿರು. ಅರವತ್ತಾರರ ಅವ್ವ ಸೆರಗು ಸಿಗಿಸಿಕೊಂಡು ಮುಂದೆ ಹೋಗಿದ್ದಳು. ಕೋಲು ಹಿಡಿದು ಇಳಿಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ, "ಸಾವಕಾಶ, ಸಾವಕಾಶ" ಅಂದರು. ಅವ್ವ ನಕ್ಕಳು: "ಇದು ನಮ್ಮ ಮಾತಲ್ಲೋ!" ಹೌದು, ಮರಾಠಿಯಲ್ಲೂ ಧಾರವಾಡದ ಕನ್ನಡದಲ್ಲೂ ಆ ಶಬ್ದ ಒಂದೇ.

ಮೇಲೆ 1749ರಲ್ಲಿ ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವದೇವೇಶ್ವರ ದೇವಸ್ಥಾನವಿದೆ. ಪಾಣಿಪತದ ಸೋಲಿನ ನಂತರ, 1761ರಲ್ಲಿ ಅವರು ತೀರಿಕೊಂಡದ್ದೂ ಈ ಗುಡ್ಡದ ಮೇಲೆಯೇ. 1817ರಲ್ಲಿ ಎರಡನೇ ಬಾಜೀರಾವ್ ಖಡಕಿಯ ಯುದ್ಧವನ್ನು ನೋಡಿದ್ದು ಇಲ್ಲಿಂದಲೇ. ಕೆಳಗೆ ಸಾರಸಬಾಗ್, ದೂರದಲ್ಲಿ ಸಿಂಹಗಡ. ಅವ್ವ ಮಾತ್ರ ನಮ್ಮ ಬಾಲ್ಕನಿ ಹುಡುಕುತ್ತಿದ್ದಳು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ವರದಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮ್ಮಪ್ಪಗೂ ಡಾಕ್ಟರು ನಡೀರಿ ಅಂದಿದ್ರು. ನಾಳಿಂದ, ನಾಳಿಂದ ಅಂತಿದ್ರು."

ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಟ್ಟಿಗೆ ಕೇಳಿದರೆ ಬೆಟ್ಟದಷ್ಟು. ದಿನದೊಳಗೆ ಹಂಚಿದರೆ ಅಷ್ಟೇನಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಪರ್ವತಿ, ಹೋಗಿ ಬರಲು ನಲವತ್ತು ನಿಮಿಷ. ಸಂಜೆ ಮನೆಗಿಂತ ಒಂದು ಕಿಲೋಮೀಟರ್ ಮೊದಲೇ ಕ್ಯಾಬ್ ಇಳಿಯುತ್ತೇನೆ. ತರಕಾರಿ ಚೀಲವೂ ಅದೇ ದಾರಿಯಲ್ಲಿ ತುಂಬುತ್ತದೆ. ಆಫೀಸಿನ ನಾಲ್ಕನೇ ಮಹಡಿಗೆ ಮೆಟ್ಟಿಲು. ಬರೀ ಕೇಳಿಸಿಕೊಳ್ಳುವ ಮೀಟಿಂಗ್‌ಗಳಿಗೆ ನಿಂತುಕೊಂಡೇ ಇರುತ್ತೇನೆ. ಜಿಮ್‌ಗೆಂದು ಬೇರೆ ಸಮಯ ತೆಗೆಯಬೇಕಿತ್ತು. ಇದಕ್ಕೆ ಹಾಗಿಲ್ಲ, ಹೋಗುವ ದಾರಿಯಲ್ಲೇ ಮುಗಿಯುತ್ತದೆ.

ಆರು ತಿಂಗಳ ನಂತರದ ತಪಾಸಣೆಯಲ್ಲಿ 5.9 ಬಂತು. ಇನ್ನೂ ಹೊಸ್ತಿಲ ಮೇಲೆಯೇ ಇದ್ದೇನೆ, ಆದರೆ ಮುಖ ಹೊರಗಡೆ ತಿರುಗಿದೆ. ಭಾನುವಾರ ಅವ್ವ ಫೋನ್ ಮಾಡಿದಾಗ ಊಟ ಆಯ್ತೇನು ಎಂದು ಕೇಳುವ ಮೊದಲು ಈಗ ಇನ್ನೊಂದು ಪ್ರಶ್ನೆ ಬರುತ್ತದೆ: "ಗುಡ್ಡ ಹತ್ತಿದೇನು?"

ಹತ್ತಿದೆ ಅವ್ವ. ಸಾವಕಾಶ.