ಕೆರೆ, ಕಡಲು, ದ್ವೀಪ: ನಮ್ಮ ಮನೆಯ ಹುಡುಗನ ರೇಸಿನ ವರ್ಷ

ಮಲೇಷ್ಯಾಕ್ಕೆ ಬಂದು ಐದಾರು ವರ್ಷ ಕಳೆದರೂ ನಮ್ಮಲ್ಲಿ ಬಹಳ ಜನ ನೋಡಿರುವುದು ನಾಲ್ಕೇ ಜಾಗ: ಕೆಲಸದ ಜಾಗ, ಮಲಗುವ ಮನೆ, ಊರಿಗೆ ದುಡ್ಡು ಕಳಿಸುವ ಅಂಗಡಿ, ಥೈಪೂಸಂ ಹೊತ್ತಿಗೆ ಬತು ಗುಹೆ. ಕ್ಲಾಂಗ್‌ನ ನಮ್ಮ ಮನೆಯ ಹನ್ನೊಂದು ಮಂದಿಯೂ ಹಾಗೇ ಇದ್ದೆವು. ಕಳೆದ ವರ್ಷ ಮಾತ್ರ ಪುತ್ರಜಯದ ಕೆರೆ, ಪೋರ್ಟ್ ಡಿಕ್ಸನ್ನಿನ ಕಡಲು, ಲಂಕಾವಿ ದ್ವೀಪ, ಮೂರನ್ನೂ ನೋಡಿ ಬಂದೆವು. ಟೂರ್ ಅಂತ ಹೋದದ್ದಲ್ಲ. ನಮ್ಮ ಮನೆಯ ಒಬ್ಬ ಹುಡುಗನಿಗೆ ಟ್ರಯಥ್ಲಾನ್ ಅನ್ನುವ ಆಟದ ಹುಚ್ಚು ಹಿಡಿಯಿತು. ಅವನ ಹಿಂದೆ ನಾವೂ ಹೋದೆವು.

ಟ್ರಯಥ್ಲಾನ್ ಅಂದರೆ ಒಂದೇ ಉಸಿರಿಗೆ ಮೂರು ಕೆಲಸ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಗಡಿಯಾರ ನಿಲ್ಲುವುದಿಲ್ಲ. ಚಡ್ಡಿಯ ನೀರು ಹಿಂಡುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಚಿಕ್ಕ ರೇಸಿಗೆ ಸ್ಪ್ರಿಂಟ್ ಅನ್ನುತ್ತಾರೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಎರಡು ಪಟ್ಟು. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಈ ಆಟ ಅಲ್ಲೂ ಇದೆ. ಎಲ್ಲಕ್ಕಿಂತ ದೊಡ್ಡ ಹೆಸರು ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ ಪೂರ್ತಿ ಮ್ಯಾರಥಾನ್.

ಇದು ದುಡ್ಡಿದ್ದವರ ಆಟ ಅಂತ ನಮ್ಮಲ್ಲಿ ಎಲ್ಲರೂ ಹೇಳಿದ್ದರು. ಸಾವಿರಾರು ರಿಂಗಿಟ್ಟಿನ ಸೈಕಲ್ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ ಟ್ಯಾಕ್ಸಿ ಓಡಿಸುತ್ತಿದ್ದವನು. ಅವನಿಗೆ ಹಿಡಿದದ್ದು 11 ಗಂಟೆ 46 ನಿಮಿಷ. ಎರಡನೆಯವನ ಕಡೆಯವರು ತಂದ ನೀರು ಓಟದಲ್ಲಿ ಖಾಲಿಯಾಗಿ, ಕೊನೆಗೆ ಬಿಯರ್ ಕುಡಿಸಿದರಂತೆ. ಈ ಕತೆ ಕೇಳಿದ ಮೇಲೆ ನಮಗೂ ಧೈರ್ಯ ಬಂತು. ಏನಿಲ್ಲದಿದ್ದರೂ ನೀರು ಹೊತ್ತು ನಿಲ್ಲುವುದು ನಮಗೆ ಗೊತ್ತಲ್ಲ!

ಹುಡುಗನಿಗೆ ಇಪ್ಪತ್ನಾಲ್ಕು ವರ್ಷ, ಕುಮಟಾ ಕಡೆಯವನು. ಅಘನಾಶಿನಿ ಕಡಲು ಸೇರುವ ಜಾಗದಲ್ಲಿ ಚಿಪ್ಪಿ ಹೆಕ್ಕುತ್ತ ಬೆಳೆದವನಿಗೆ ಈಜು ಕಲಿಸಬೇಕಾಗಿರಲಿಲ್ಲ. ಇಲ್ಲಿ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಕೆಲಸ. ಅವನ ಜೊತೆ ಕೆಲಸ ಮಾಡುವ ಫಿಲಿಪ್ಪೀನ್ಸಿನ ಒಬ್ಬರು ತಮ್ಮ ಹಳೇ ರೇಸ್ ಸೈಕಲ್ ಮಾರಲಿಕ್ಕಿಟ್ಟಿದ್ದರು. 2017ರ ಸೀ ಗೇಮ್ಸ್‌ನಲ್ಲಿ ಇದೇ ಪುತ್ರಜಯದಲ್ಲಿ ತಮ್ಮ ದೇಶದ ನಿಕ್ಕೊ ಹುಯೆಲ್ಗಾಸ್ ಮತ್ತು ಕಿಮ್ ಮಾಂಗ್ರೊಬಾಂಗ್ ಟ್ರಯಥ್ಲಾನ್‌ನಲ್ಲಿ ಚಿನ್ನ ಗೆದ್ದದ್ದನ್ನು ಅವರು ಇವನಿಗೆ ಹೇಳಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನೋಡಿಯೇ ಹುಡುಗ ಸೋತುಹೋದ. ಏಳುನೂರು ರಿಂಗಿಟ್, ಮೂರು ಕಂತು. ಸೈಕಲ್ ಮನೆಗೆ ಬಂತು. ಚಪ್ಪಲಿ ಇಡುವ ಜಾಗ ಹೋಯಿತು.

ಶಿಫ್ಟ್ ಮುಗಿಸಿ ಬಂದವನು ಓಡಲಿಕ್ಕೆ ಹೋಗುತ್ತಿದ್ದ. ಭಾನುವಾರ ಬೆಳಿಗ್ಗೆ ಸೈಕಲ್, ಮಧ್ಯಾಹ್ನ ಊರಿನ ಸಾರ್ವಜನಿಕ ಈಜುಕೊಳ. ಕೊಳ ಅವನಿಗೆ ಹಿಡಿಸಲಿಲ್ಲ. "ಹತ್ತು ಕೈ ಹೊಡೆಯೂದ್ರೊಳಗೆ ಗೋಡೆ ಬಂದ್ಬಿಡ್ತದೆ ಅಣ್ಣಾ" ಅನ್ನುತ್ತಿದ್ದ.

ಮೊದಲ ರೇಸ್ ಪುತ್ರಜಯದಲ್ಲಿ, ಸ್ಪ್ರಿಂಟ್ ದೂರದ್ದು. ಪುತ್ರಜಯ ಕೇಂದ್ರ ಸರ್ಕಾರದ ಕಚೇರಿಗಳ ಊರು. ನಮ್ಮಲ್ಲಿ ಕೆಲವರು ವಲಸೆ ಇಲಾಖೆಯ ಕೆಲಸಕ್ಕೆ ಕಾಗದ ಹಿಡಿದುಕೊಂಡು ಹೋದದ್ದುಂಟು. ಕೆರೆ ನೋಡಲಿಕ್ಕೆ ಅಂತ ಹೋದವರು ಯಾರೂ ಇರಲಿಲ್ಲ. ಸುಮಾರು 650 ಹೆಕ್ಟೇರಿನ ಕೆರೆ, ಮನುಷ್ಯರು ಕಟ್ಟಿದ್ದು. ದಂಡೆಯಲ್ಲಿ ಗುಲಾಬಿ ಬಣ್ಣದ ಮಸೀದಿ, ಮೇಲೆ ಸಾಲು ಸಾಲು ಸೇತುವೆ. ರಸ್ತೆಗಳು ಅಗಲ, ಭಾನುವಾರ ಖಾಲಿ. ಸೈಕಲ್ಲಿನವರಿಗೆ ಅದು ಸ್ವರ್ಗ.

ನೀರಿಗೆ ಬಿದ್ದವರಲ್ಲಿ ಹುಡುಗ ಮುಂದಿನ ಗುಂಪಿನಲ್ಲೇ ಎದ್ದು ಬಂದ. ನಾವು ಕೂಗಿದ್ದೇ ಕೂಗಿದ್ದು. ಆದರೆ ಸೈಕಲ್ ಇಟ್ಟ ಜಾಗದಲ್ಲಿ ಹೊತ್ತು ಹೋಯಿತು. ಹೆಲ್ಮೆಟ್ ಹಾಕಿ ಬಕಲ್ ಬಿಗಿಯದೆ ಸೈಕಲ್ ಮುಟ್ಟುವಂತಿಲ್ಲ ಅಂತ ನಿಯಮ. ಅಲ್ಲಿ ಬೆರಳು ನಡುಗಿ ಬಕಲ್ ಸೇರಲಿಲ್ಲ. ನೀರಿನಲ್ಲಿ ಹಿಂದೆ ಹಾಕಿದವರೆಲ್ಲ ಸೈಕಲ್ಲಿನಲ್ಲಿ ಇವನನ್ನು ದಾಟಿ ಹೋದರು. ಆದರೂ ಮುಗಿಸಿದ. ಕೊರಳಿಗೆ ಪದಕ ಹಾಕಿದರು, ಮುಗಿಸಿದವರಿಗೆಲ್ಲ ಕೊಡುವಂಥದ್ದು. ರಾಯಚೂರಿನ ನಮ್ಮ ಹಿರಿಯರು ಅದನ್ನು ಕೈಯಲ್ಲಿ ತೂಗಿ ನೋಡಿ, "ಏನೋ ತಮ್ಮಾ, ಇಷ್ಟು ದುಡಿದು ಇದಕ್ಕ?" ಅಂದರು. ಅಂದವರೇ ಮನೆಯ ದೇವರ ಫೋಟೋದ ಪಕ್ಕ ಮೊಳೆ ಹೊಡೆದು ತೂಗುಹಾಕಿದರು.

ಎರಡನೆಯದು ಪೋರ್ಟ್ ಡಿಕ್ಸನ್, ಒಲಿಂಪಿಕ್ ದೂರ. ಹೆಸರು ಬರೆಸಿದ ಮೇಲೆ ಒಂದು ತೊಡಕು ಎದುರಾಯಿತು. ನಂಬರಿನ ಚೀಲ ತೆಗೆದುಕೊಳ್ಳುವಾಗ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಹುಡುಗನ ಪಾಸ್‌ಪೋರ್ಟ್ ಕಂಪನಿ ಕಚೇರಿಯ ಕಪಾಟಿನಲ್ಲಿ. "ಕಳೆದುಹೋಗದ ಹಾಗೆ ಇರಲಿ" ಅಂತ ಬಂದ ವಾರವೇ ತೆಗೆದುಕೊಂಡದ್ದು. ಅವನದ್ದೊಂದೇ ಅಲ್ಲ, ಅದೇ ಕಂಪನಿಯಲ್ಲಿ ದುಡಿಯುವ ನಮ್ಮ ಮನೆಯ ಇನ್ನು ಆರು ಜನರದ್ದೂ ಅಲ್ಲೇ ಇತ್ತು. ಅದುವರೆಗೆ ಅದರ ಮಾತು ಯಾರೂ ಎತ್ತಿರಲಿಲ್ಲ. ಎತ್ತುವ ಅಗತ್ಯ ಬೀಳುವುದು ಊರಿಗೆ ಹೊರಟಾಗ ಮಾತ್ರ ಅಲ್ಲವೇ?

ಇಲ್ಲಿಯ 1966ರ ಪಾಸ್‌ಪೋರ್ಟ್ ಕಾಯಿದೆ ಪ್ರಕಾರ ಒಬ್ಬರ ಪಾಸ್‌ಪೋರ್ಟನ್ನು ಇನ್ನೊಬ್ಬರು ಅಧಿಕಾರವಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಮಾಲೀಕರಿಗೂ ಅದು ಅನ್ವಯಿಸುತ್ತದೆ. ಹುಡುಗ ಒಬ್ಬನೇ ಹೋಗಿ ಕೇಳಿದಾಗ "ಆಮೇಲೆ ನೋಡೋಣ" ಅಂದರು. ಆಗ ಏಳೂ ಜನ ಒಂದೇ ಅರ್ಜಿ ಬರೆದು, ಎಲ್ಲರ ಸಹಿ ಹಾಕಿ, ಒಂದು ಪ್ರತಿ ನಮ್ಮ ಹತ್ತಿರ ಇಟ್ಟುಕೊಂಡು ಕೊಟ್ಟೆವು. ಜಗಳ ಮಾಡಲಿಲ್ಲ. ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇರಬೇಕು, ರೇಸ್‌ಗೆ ಇಂಥ ತಾರೀಕಿಗೆ ಬೇಕು ಅಂತಷ್ಟೇ ಬರೆದದ್ದು. ಹತ್ತು ದಿನ ನಿದ್ದೆ ಇಲ್ಲ. ಪರ್ಮಿಟ್ ರಿನ್ಯೂ ಮಾಡದಿದ್ದರೆ ಏನು ಗತಿ ಅಂತ ಎಲ್ಲರಿಗೂ ಹೆದರಿಕೆ. ಹನ್ನೊಂದನೆಯ ದಿನ ಏಳೂ ಪಾಸ್‌ಪೋರ್ಟ್ ಕೈಗೆ ಬಂದವು. ಈಗ ಅವು ಬೀಗ ಹಾಕಿದ ನಮ್ಮ ನಮ್ಮ ಪೆಟ್ಟಿಗೆಯಲ್ಲೇ ಇವೆ.

ಪೋರ್ಟ್ ಡಿಕ್ಸನ್ನಿಗೆ ಇಲ್ಲಿಯವರು ಚುಟುಕಾಗಿ ಪಿ.ಡಿ. ಅನ್ನುತ್ತಾರೆ. ಮಲಾಕ್ಕಾ ಜಲಸಂಧಿಯ ದಂಡೆ, ವಾರದ ಕೊನೆಗೆ ಕೌಲಾಲಂಪುರದ ಸಂಸಾರಗಳೆಲ್ಲ ಬಂದು ಚಾಪೆ ಹಾಸುವ ಊರು. ನೀರು ನಮ್ಮ ಕಡಲಿನಷ್ಟೇ ಬೆಚ್ಚಗೆ, ಆದರೆ ಅಲೆ ಕಮ್ಮಿ. ಕಡಲಿಗೆ ಇಳಿದ ಹುಡುಗ ಕೊಳದಲ್ಲಿ ಕಂಡ ಹುಡುಗನೇ ಅಲ್ಲ. ಒಂದೂವರೆ ಕಿ.ಮೀ. 28 ನಿಮಿಷದಲ್ಲಿ ಮುಗಿಸಿ ಬಂದ. ಜೆಲ್ಲಿ ಮೀನು ತಾಗಿ ತೋಳು ಕೆಂಪಗೆ ಬರೆ ಬಿದ್ದಿತ್ತು, ಅದನ್ನು ನೋಡಲೇ ಇಲ್ಲ. ಸೈಕಲ್ 40 ಕಿ.ಮೀ. ಆಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಓಟ ಅನ್ನುವುದು ಅಲ್ಲಿಂದ ಮುಂದೆ.

ಶುಕ್ರವಾರ ರಾತ್ರಿಯ ಶಿಫ್ಟ್ ಮಾಡಿ ಬಂದ ಮೈ ಅದು. ಆರನೆಯ ಕಿ.ಮೀ. ಹತ್ತಿರ ಕಾಲು ಹಿಡಿದುಕೊಂಡು ರಸ್ತೆ ಬದಿಗೆ ಕೂತ. ನಾವು ಹಂಡ್ರೆಡ್ ಪ್ಲಸ್ ಬಾಟಲಿ ಹಿಡಿದು ಓಡಿದೆವು. ಹೊರಗಿನವರು ಸಹಾಯ ಮಾಡಿದರೆ ರೇಸಿನಿಂದ ತೆಗೆಯಬಹುದು ಅಂತ ಅವನೇ ಕೈ ಅಡ್ಡ ಹಿಡಿದ. ಹಾಗಾಗಿ ನಾವು ಕೊಡಬಹುದಾಗಿದ್ದು ಕೂಗು ಒಂದೇ. ಕುಂದಾಪುರದವರು "ಏಳ್ ಮಾರಾಯ, ಏಳ್" ಅಂತ ಕೂಗಿದ ದನಿಗೆ ಪಕ್ಕದಲ್ಲಿದ್ದ ಮಲಾಯ್ ಅಜ್ಜಿಯೊಬ್ಬರು ನಗುತ್ತ "ಬೊಲೆ, ಬೊಲೆ" ಅಂತ ಸೇರಿಕೊಂಡರು. ಆಗುತ್ತದೆ ಅಂತ ಅದರ ಅರ್ಥ. ಎದ್ದ. ನಡೆದ. ಆಮೇಲೆ ಓಡಿದ. ಒಟ್ಟು 3 ಗಂಟೆ 17 ನಿಮಿಷ.

ಆ ರಾತ್ರಿ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ, ಹುರಿದ ಮೀನು. ಊಟದ ಹೊತ್ತಿಗೆ ಬಂದ ಮಾತು ಮುಖ್ಯವಾದದ್ದು. ಕೆಲಸದಲ್ಲಿ ಗಾಯ ಆದರೆ ನಮಗೆ ಸೊಕ್ಸೊ ಇದೆ, 2019ರಿಂದ ವಿದೇಶಿ ಕೆಲಸಗಾರರಿಗೂ ಅದರ ರಕ್ಷಣೆ ಸಿಕ್ಕಿದೆ. ರೇಸಿನಲ್ಲಿ ಬಿದ್ದದ್ದು ಕೆಲಸದ ಗಾಯ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ವಿದೇಶಿಯರಿಗೆ ದರ ಬೇರೆ. ಕಾಲು ಮುರಿದರೆ ಸಂಬಳವೂ ನಿಂತೀತು, ಊರಿಗೆ ಹೋಗುವ ದುಡ್ಡೂ ನಿಂತೀತು. ಇದನ್ನೆಲ್ಲ ಅವನೆದುರೇ ಹೇಳಿದೆವು. "ಗೊತ್ತದೆ ಅಣ್ಣಾ. ಅದ್ಕೇ ಇಳಿಜಾರಲ್ಲಿ ಬ್ರೇಕ್ ಹಿಡಿತೆ" ಅಂದ. ಬೇಡ ಅನ್ನುವ ಮನಸ್ಸು ಯಾರಿಗೂ ಬರಲಿಲ್ಲ.

ವರ್ಷದ ಕೊನೆಗೆ ಲಂಕಾವಿ. 2000ದಲ್ಲಿ ಮಲೇಷ್ಯಾದ ಮೊದಲ ಐರನ್‌ಮ್ಯಾನ್ ನಡೆದದ್ದು ಈ ದ್ವೀಪದಲ್ಲೇ. ನಡುವೆ ಕೆಲವು ವರ್ಷ ನಿಂತು, ಮತ್ತೆ ಶುರುವಾಗಿದೆ. ಅಲ್ಲಿ ಹುಡುಗ ಓಡಲಿಲ್ಲ, ನೋಡಲಿಕ್ಕೆ ಹೋದ. ಪ್ರವೇಶ ಶುಲ್ಕವೇ ನಮ್ಮಂಥವರ ಒಂದು ತಿಂಗಳ ಸಂಬಳದ ಲೆಕ್ಕ. ನಾಲ್ಕು ಜನಕ್ಕೆ ಮಾತ್ರ ರಜೆ ಸಿಕ್ಕಿತು. ರಾತ್ರಿ ಬಸ್ಸಿನಲ್ಲಿ ಕೌಲಾ ಪೆರ್ಲಿಸ್, ಅಲ್ಲಿಂದ ಫೆರಿಯಲ್ಲಿ ಒಂದೂಕಾಲು ಗಂಟೆ. ಕುವಾ ದಕ್ಕೆಯಲ್ಲಿ ಇಳಿಯುವಾಗ ರೆಕ್ಕೆ ಬಿಚ್ಚಿದ ದೊಡ್ಡ ಹದ್ದಿನ ಮೂರ್ತಿ ಕಾಣುತ್ತದೆ. ಲಂಕಾವಿ ಹೆಸರಲ್ಲೇ ಹದ್ದು ಇದೆ ಅನ್ನುತ್ತಾರೆ ಅಲ್ಲಿಯವರು. ಒಳಗೆ ಹೋದರೆ ಗದ್ದೆ, ಎಮ್ಮೆ, ತೆಂಗು, ಹಿಂದೆ ಮಾತ್ ಚಿಂಚಾಂಗ್ ಬೆಟ್ಟ. ನಮ್ಮ ಕರಾವಳಿಗೆ ಯಾರೋ ಒಳ್ಳೇ ರಸ್ತೆ ಹಾಕಿಸಿದ ಹಾಗಿದೆ. ಮಾಡದ ತಪ್ಪಿಗೆ ಪ್ರಾಣ ಕಳೆದುಕೊಂಡು ದ್ವೀಪಕ್ಕೆ ಏಳು ತಲೆಮಾರಿನ ಶಾಪ ಕೊಟ್ಟಳೆಂದು ಹೇಳುವ ಮಹ್ಸೂರಿಯ ಸಮಾಧಿಯೂ ಅಲ್ಲೇ ಇದೆ. ಅಲ್ಲಿಗೂ ಹೋಗಿ ಕೈಮುಗಿದು ಬಂದೆವು.

ಐರನ್‌ಮ್ಯಾನ್ ಮುಗಿಸಲಿಕ್ಕೆ 17 ಗಂಟೆ ಗಡುವು. ಬೆಳಿಗ್ಗೆ ನೀರಿಗೆ ಇಳಿದವರಲ್ಲಿ ಕೆಲವರು ಮಧ್ಯರಾತ್ರಿ ಹತ್ತಿರವಾದರೂ ಓಡುತ್ತಲೇ ಇದ್ದರು. ಗೆದ್ದವರು ಊಟ ಮಾಡಿ ಮಲಗಿ ಎಷ್ಟೋ ಹೊತ್ತಾಗಿತ್ತು. ಆದರೂ ಕೊನೆಕೊನೆಗೆ ಬರುವವರಿಗೇ ಹೆಚ್ಚು ಚಪ್ಪಾಳೆ. ಒಬ್ಬೊಬ್ಬರ ಹೆಸರನ್ನೂ ದೇಶವನ್ನೂ ಮೈಕಿನಲ್ಲಿ ಕೂಗುತ್ತಾರೆ. "ಇಂಡಿಯಾ" ಅಂತ ಕೇಳಿದಾಗಲೆಲ್ಲ ನಾವೂ ಕುಣಿದೆವು. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಇದಕ್ಕಿಂತ ದೊಡ್ಡದಾದ ಅಲ್ಟ್ರಾಮ್ಯಾನ್ ಮುಗಿಸಿದ್ದರು, ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅದನ್ನು ಹುಡುಗನೇ ಆ ರಾತ್ರಿ ನಮಗೆ ಹೇಳಿದ.

ಮುಂದಿನ ವರ್ಷ ಇಲ್ಲೇ ಅರ್ಧ ದೂರದ ರೇಸ್ ಓಡುತ್ತಾನೇನೋ ಅಂತ ನಾವು ಅಂದುಕೊಂಡಿದ್ದೆವು. ಫೆರಿಯಲ್ಲಿ ಮರಳುವಾಗ ಅವನು ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದ. ಒಂದು ಕಡೆ ಶುಲ್ಕ, ಬಸ್ಸು, ರೂಮು, ಹೊಸ ಟೈರ್. ಇನ್ನೊಂದು ಕಡೆ ತಂಗಿಯ ನರ್ಸಿಂಗ್ ಓದಿನ ಕೊನೆಯ ವರ್ಷದ ಫೀಸು. ಎರಡೂ ಹೆಚ್ಚುಕಮ್ಮಿ ಒಂದೇ ಮೊತ್ತ. ನಾವು ಹನ್ನೊಂದು ಜನ ಸೇರಿ ಹಾಕೋಣ ಅಂದೆವು. ಒಪ್ಪಲಿಲ್ಲ. "ತಂಗೀದು ಮುಗೀಲಿ. ಕಡಲು ಎಲ್ಲಿಗೂ ಹೋಗೂದಿಲ್ಲ" ಅಂದ. 2019ರಿಂದ ಗೋವಾದ ಪಣಜಿಯಲ್ಲೂ ಈ ಅರ್ಧ ಐರನ್‌ಮ್ಯಾನ್ ನಡೆಯುತ್ತಿದೆ. ಕಾರವಾರ ದಾಟಿದರೆ ಗೋವಾ. ಊರಿಗೆ ಮರಳಿದ ಮೇಲೆ ಅಲ್ಲಿ ಓಡುತ್ತಾನಂತೆ, ಅವ್ವ ಬಂದು ನೋಡುವ ಹಾಗೆ. ಅಲ್ಲಿಯವರೆಗೆ ಪುತ್ರಜಯ, ಪಿ.ಡಿ. ಇವೆ.

ಈ ವರ್ಷದಲ್ಲಿ ಹುಡುಗ ಯಾವ ಕಪ್ಪೂ ಗೆಲ್ಲಲಿಲ್ಲ. ಆದರೆ ಅವನ ದೆಸೆಯಿಂದ ನಮ್ಮ ಮನೆಯಲ್ಲಿ ಕೆಲವು ಸಂಗತಿ ಬದಲಾಗಿವೆ. ವಾರದ ರಜೆ ನಮ್ಮದು ಅನ್ನುವುದು ತಲೆಗೆ ಹೋಗಿದೆ. ಇಲ್ಲಿಯ ಕಾರ್ಮಿಕ ಕಾಯಿದೆಯಲ್ಲಿ ವಾರಕ್ಕೆ ಒಂದು ದಿನ ರಜೆ ಇದೆ. 2023ರ ಜನವರಿಯಿಂದ ವಾರದ ದುಡಿಮೆ 48 ಗಂಟೆಯಿಂದ 45ಕ್ಕೆ ಇಳಿದಿದೆ. ಒಂದೇ ಕಡೆ ದುಡಿದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 8 ದಿನ, ಆಮೇಲೆ 12, ಐದು ವರ್ಷ ದಾಟಿದರೆ 16 ದಿನ ಸಂಬಳದ ರಜೆ. ಮೊದಲು ರಜೆಯ ದಿನ ಓಟಿ ಸಿಗದಿದ್ದರೆ ಮಲಗಿ ಕಳೆಯುತ್ತಿದ್ದೆವು. ಈಗ ತಿಂಗಳಿಗೊಮ್ಮೆಯಾದರೂ ಹೊರಗೆ ಹೋಗುತ್ತೇವೆ. ರಾಯಚೂರಿನ ಹಿರಿಯರು ಐವತ್ತರ ಹತ್ತಿರದವರು, ಬೆಳಿಗ್ಗೆ ಮೂರು ಕಿ.ಮೀ. ನಡೆಯುತ್ತಾರೆ. ಸಕ್ಕರೆ ಕಾಯಿಲೆಗೆ ಒಳ್ಳೇದಾಗಿದೆ ಅನ್ನುತ್ತಾರೆ.

ಓದುವ ಬಂಧುಗಳಲ್ಲಿ ಯಾರಿಗಾದರೂ ಶುರು ಮಾಡುವ ಮನಸ್ಸಿದ್ದರೆ, ದುಡ್ಡಿಲ್ಲದೆ ಆಗುವುದು ಓಟ. ಕೌಲಾಲಂಪುರದ ನಡುವೆ ಕೆಲವು ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ವಾಹನ ಬಿಡದೆ ಓಡುವವರಿಗೂ ಸೈಕಲ್ಲಿನವರಿಗೂ ಕೊಡುತ್ತಾರೆ, ಅಲ್ಲಿಗೆ ಬನ್ನಿ. ಬಿಸಿಲೇರುವ ಮೊದಲು ಮುಗಿಸಿ. ಗೊತ್ತಿಲ್ಲದ ಕಡಲಿಗೆ ಒಬ್ಬರೇ ಇಳಿಯಬೇಡಿ. ಹೊರಡುವಾಗ ನಿಮ್ಮ ಗುರುತಿನ ಕಾಗದ ನಿಮ್ಮ ಕಿಸೆಯಲ್ಲಿರಲಿ. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ, ಶೂ ಕೊಳ್ಳುವ ಮೊದಲು ಅದನ್ನು ಕೇಳಿ ತೆಗೆದುಕೊಳ್ಳಿ. ಒಬ್ಬರೇ ಹೋಗಿ ಕೇಳಬೇಡಿ, ಜೊತೆಯವರನ್ನು ಕರೆದುಕೊಂಡು ಹೋಗಿ.