ಮಾವನವರ ಎಂಜಿನ್ನಿಗೆ ಬೆಲೆ ಕಟ್ಟಿದ್ದು

ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲಾದರೂ ಒಂದು ಆಟದ ರೈಲು ಇದ್ದೀತು. ಅಜ್ಜನೋ ಸೋದರಮಾವನೋ ಕಂಪನಿಯ ಕೆಲಸದ ಮೇಲೆ ಪರದೇಶಕ್ಕೆ ಹೋದಾಗ ತಂದದ್ದು. ಮಕ್ಕಳು ಮುಟ್ಟಬಾರದೆಂದು ಕಪಾಟಿನಲ್ಲಿಟ್ಟು, ಕೊನೆಗೆ ಮೊಮ್ಮಕ್ಕಳೂ ಮುಟ್ಟದೆ ಹೋದದ್ದು. ಅಂಥದೊಂದು ಎಂಜಿನ್ನಿಗೆ ಬೆಲೆ ಕಟ್ಟುವ ಪ್ರಸಂಗ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮನೆ ನಡೆಸಿಕೊಂಡಿದ್ದವಳಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ನಗಬಹುದು. ಅದರ ಜೊತೆಗಿದ್ದ ಜರ್ಮನ್ ಕಾಗದವನ್ನು ನಿಘಂಟು ಹಿಡಿದು ಓದುವಷ್ಟು ತಾಳ್ಮೆ ಮನೆಯಲ್ಲಿ ಇನ್ನಾರಿಗೂ ಇರಲಿಲ್ಲ, ಅಷ್ಟೆ.

ನಮ್ಮ ಮಾವನವರು 1972ರಲ್ಲಿ ಪುಣೆಯ ಕಾರ್ಖಾನೆಯ ಕಡೆಯಿಂದ ಆರು ತಿಂಗಳ ತರಬೇತಿಗೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿದ್ದರು. ಅಲ್ಲಿಗೆ ಸಮೀಪದ ಗೋಪಿಂಗೆನ್ ಎಂಬ ಊರು ಮಾರ್ಕ್ಲಿನ್ ಕಂಪನಿಯ ತವರು. 1859ರಲ್ಲಿ ಆರಂಭವಾದ ಈ ಕಂಪನಿ ಆಟದ ರೈಲಿಗೆ ಜಗತ್ಪ್ರಸಿದ್ಧ. ಊಟದ ಖರ್ಚಿನಲ್ಲಿ ಉಳಿಸಿದ ಹಣದಲ್ಲಿ ಮಾವನವರು ಕೊಂಡು ತಂದದ್ದು ಮೂರು ಜೊತೆ ಗಾಲಿಯ ಒಂದು ಪುಟ್ಟ ಕರಿ ಎಂಜಿನ್, ಎರಡು ಬೋಗಿ, ಒಂದಿಷ್ಟು ಹಳಿ. ದೀಪಾವಳಿಗೆ ಹಾಲಿನ ನೆಲದ ಮೇಲೆ ಅದನ್ನು ಓಡಿಸುತ್ತಿದ್ದರು. ಆಮೇಲಾಮೇಲೆ ಅದೂ ನಿಂತಿತು.

ಅವರು ತೀರಿಕೊಂಡ ಮೇಲೆ ಅಣ್ಣ ತಮ್ಮಂದಿರು ಕೂತು ಮನೆ, ಠೇವಣಿ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಹಂಚಿಕೊಂಡರು. ತೊಡಕಾದದ್ದು ಎಂಜಿನ್ನಿನಲ್ಲಿ. ಭಾವನ ಮಗನಿಗೆ ಅದು ಬೇಕು. ನಮ್ಮ ಮನೆಯವರು ಬಾಯಿಬಿಟ್ಟು ಹೇಳುವವರಲ್ಲ, ಆದರೆ ಅವರ ಕಣ್ಣೂ ಅದರ ಮೇಲೇ. ಯಾರು ಇಟ್ಟುಕೊಂಡರೂ ಇನ್ನೊಬ್ಬರಿಗೆ ಅರ್ಧ ಬೆಲೆ ಕೊಡುವುದೆಂದಾಯಿತು. ಆದರೆ ಯಾವ ಬೆಲೆಯ ಅರ್ಧ? ಇಂಟರ್ನೆಟ್ಟಿನಲ್ಲಿ ಯಾವುದೋ ಮಾರ್ಕ್ಲಿನ್ ಎಂಜಿನ್ ಲಕ್ಷಗಟ್ಟಲೆಗೆ ಹರಾಜಾದದ್ದನ್ನು ಹುಡುಗ ಓದಿದ್ದ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯ ಹಳಿಯ ಮೇಲಿಟ್ಟು ಗುಂಡಿ ಒತ್ತಿದರು. ಚಟ್ ಎಂದು ಕಿಡಿ ಹಾರಿತೇ ಹೊರತು ಎಂಜಿನ್ ಅಲುಗಲಿಲ್ಲ. “ಮೋಟಾರು ಸುಟ್ಟಿದೆ ತಾಯಿ, ಐನೂರು ಕೊಡುತ್ತೇನೆ” ಎಂದರು.

ಐನೂರಕ್ಕೂ ಲಕ್ಷಕ್ಕೂ ನಡುವೆ ನಮ್ಮ ಮನೆಯ ನೆಮ್ಮದಿ ತೂಗಾಡತೊಡಗಿತು. ಆಗ ನಾನು ಆ ಕಾಗದ ಬಿಡಿಸಿಕೊಂಡು ಕೂತೆ.

ಆ ವ್ಯಾಪಾರಿಯ ಹಳಿ ಹಾರ್ನ್‌ಬಿಯದು. ಅದರಲ್ಲಿ 12 ವೋಲ್ಟಿನ ಡಿ.ಸಿ. ಕರೆಂಟು ಒಂದು ಹಳಿಯಿಂದ ಬಂದು ಇನ್ನೊಂದರಿಂದ ಹಿಂತಿರುಗುತ್ತದೆ. ಆದ್ದರಿಂದ ಎಡಬಲದ ಗಾಲಿಗಳ ನಡುವೆ ಕರೆಂಟು ದಾಟದಂತೆ ತಡೆ ಇರುತ್ತದೆ. ಮಾವನವರ ಎಂಜಿನ್ನಿನ ರೀತಿಯೇ ಬೇರೆ. ಅದಕ್ಕೆ ಬೇಕಾದದ್ದು ಎ.ಸಿ. ಹಳಿಗಳ ನಡುವೆ ಸಾಲಾಗಿರುವ ಸಣ್ಣ ಸಣ್ಣ ಗುಬಟುಗಳ ಮೇಲೆ ಎಂಜಿನ್ನಿನ ಹೊಟ್ಟೆಯಡಿಯ ಉದ್ದನೆಯ ಪಟ್ಟಿಯೊಂದು ಜಾರುತ್ತಾ ಕರೆಂಟು ಎಳೆದುಕೊಳ್ಳುತ್ತದೆ. ಎರಡೂ ಹಳಿ ಸೇರಿ ಹಿಂತಿರುಗುವ ದಾರಿ. ಗಾಲಿಗಳ ನಡುವೆ ತಡೆಯೇ ಇಲ್ಲ. ಅಂಥದನ್ನು ಹಾರ್ನ್‌ಬಿ ಹಳಿಯ ಮೇಲಿಟ್ಟರೆ ಶಾರ್ಟ್ ಆಗದೆ ಇನ್ನೇನಾದೀತು? (ಹಾರ್ನ್‌ಬಿಯವರದೇ ಡಬ್ಲೊ ರೈಲು 1938ರಲ್ಲಿ ಬಂದಾಗ ಮೂರು ಹಳಿಯದಾಗಿತ್ತು, ಎರಡು ಹಳಿಗೆ ಬದಲಾದದ್ದು 1959ರಲ್ಲಿ. ಹೆಸರು ನೋಡಿ ತೀರ್ಮಾನಿಸುವಂತಿಲ್ಲ.) ಹಾಗಾಗಿ ಎಂಜಿನ್ ಕೈಗೆ ಸಿಕ್ಕೊಡನೆ ಮಗುಚಿ ಹೊಟ್ಟೆ ನೋಡಿ. ಅದು ಯಾವ ಹಳಿಯದು ಎಂದು ತಿಳಿಯುವ ಮೊದಲು ಬದುಕಿದೆಯೋ ಸತ್ತಿದೆಯೋ ಎನ್ನಬೇಡಿ.

ಅದರದೇ ಹಳಿ ಜೋಡಿಸಿದೆವು. ಟ್ರಾನ್ಸ್‌ಫಾರ್ಮರಿನ ವೈರು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಎಲೆಕ್ಟ್ರಿಷಿಯನ್ನಿಗೆ ತೋರಿಸಿ ಬದಲಾಯಿಸಿದ ಮೇಲೆಯೇ ಪ್ಲಗ್ಗಿಗೆ ಹಾಕಿದ್ದು. ನೀವೂ ಹಾಗೆಯೇ ಮಾಡಿ, ಇದು ಆಟವಲ್ಲ. ಎಂಜಿನ್ ಗುಂಯ್ ಎಂದಿತು, ಕದಲಲಿಲ್ಲ. ನಮ್ಮ ಸೊಸೈಟಿಯಲ್ಲಿ ಲೋಕೋ ಶೆಡ್ಡಿನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದಾರೆ. ನಿಜವಾದ ಎಂಜಿನ್ನುಗಳ ಹೊಟ್ಟೆ ಬಗೆದ ಕೈ. ಕನ್ನಡಕ ಏರಿಸಿಕೊಂಡು ಕವಚ ಬಿಚ್ಚಿದರು. ಒಳಗೆ ಹಳೆಯ ಎಣ್ಣೆ ಹಲಸಿನ ಅಂಟಿನಂತೆ ಗಟ್ಟಿಯಾಗಿ ಹಲ್ಲುಗಾಲಿಗಳನ್ನೆಲ್ಲ ಹಿಡಿದುಕೊಂಡಿತ್ತು. ಮೋಟಾರಿಗೆ ಎರಡು ಬ್ರಷ್ಷು: ಒಂದು ಇದ್ದಿಲಿನದು, ಇನ್ನೊಂದು ತಾಮ್ರದ ಜಾಲರಿಯದು. ಜಾಲರಿಯದು ಸವೆದಿತ್ತು, ಸುರುಳಿ ಮಾತ್ರ ಸುಟ್ಟಿರಲಿಲ್ಲ. ಅಂಟು ತೊಳೆದು, ಬ್ರಷ್ಷು ಸರಿಪಡಿಸಿ, ಸೂಜಿಯ ತುದಿಯಿಂದ ಅಲ್ಲೊಂದು ಇಲ್ಲೊಂದು ಹನಿ ಎಣ್ಣೆ ಬಿಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂಜಿನ್ ಮೆಲ್ಲಗೆ ಹೊರಟಿತು. ದಿಕ್ಕು ಬದಲಾಯಿಸಲು ಕ್ಷಣಕಾಲ 24 ವೋಲ್ಟು ಕೊಡಬೇಕು. ಆಗ ಒಳಗಿನಿಂದ ಟಕ್ ಎನ್ನುತ್ತದೆ. ಆ ಸದ್ದಿಗೆ ನಮ್ಮ ಮನೆಯವರು ಎದ್ದು ಬಾಲ್ಕನಿಗೆ ಹೋದರು.

ಇನ್ನು ಗುಣ ನೋಡುವ ಬಗೆ. ಎಂಜಿನ್ನಿನ ಗುಣ ವೇಗದಲ್ಲಿಲ್ಲ, ನಿಧಾನದಲ್ಲಿದೆ. ಕರೆಂಟು ತಗ್ಗಿಸಿದಾಗ ಗಕ್ಕನೆ ನಿಲ್ಲದೆ, ಎಗರದೆ, ತೆವಳಿಕೊಂಡು ಸಾಗಿದರೆ ಒಳಗಿನ ಕೆಲಸ ಚೊಕ್ಕವಾಗಿದೆಯೆಂದು ತಿಳಿಯಿರಿ. ಕೈಯಲ್ಲಿ ತೂಗಿ ನೋಡಿ. ಭಾರವಿದ್ದರೆ ಗಾಲಿ ಹಳಿಯನ್ನು ಕಚ್ಚಿ ಹಿಡಿದು ಬೋಗಿ ಎಳೆಯುತ್ತದೆ. ಗಾಲಿಗೆ ಹಾಕಿದ ರಬ್ಬರು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ, ಹೊಸದು ಹಾಕಬಹುದು. ಮೈಯಲ್ಲಿ ಕೂದಲೆಳೆಯಂಥ ಬಿರುಕು, ಉಬ್ಬು, ಸೊಟ್ಟಗಾದ ತಳಭಾಗ ಕಂಡರೆ ಮಾತ್ರ ಕೆಳಗಿಡಿ. ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗೊಳಗೇ ಊದಿ ಒಡೆಯುತ್ತದೆ, ಅದಕ್ಕೆ ಮದ್ದಿಲ್ಲ. ಎರಡನೇ ಮಹಾಯುದ್ಧಕ್ಕೆ ಹಿಂದಿನ ಮಾದರಿಗಳಲ್ಲಿ ಈ ರೋಗ ಹೆಚ್ಚು. ಹೊಸದಾಗಿ ಬಣ್ಣ ಬಳಿದು ಮಿಂಚಿಸಿದ್ದನ್ನೂ ನಂಬಬೇಡಿ. ಸಂಗ್ರಹಕಾರರಿಗೆ ಸವೆದದ್ದಾದರೂ ಮೂಲ ಬಣ್ಣವೇ ಪ್ರಿಯ.

ಇಂದಿನ ಎಂಜಿನ್ನುಗಳಲ್ಲಿ ಒಂದೊಂದು ಕೊಳವೆ, ಒಂದೊಂದು ಮೆಟ್ಟಿಲೂ ಕಾಣುವಂತಿದ್ದು, ಹೊಗೆ, ಸಿಳ್ಳೆ ಎಲ್ಲ ಇರುವುದುಂಟು. ನೋಡಲು ಚಂದ. ಮಾವನವರದರಲ್ಲಿ ಅಂಥ ನಾಜೂಕು ಇಲ್ಲ. ಆದರೆ ಸ್ಕ್ರೂ ಡ್ರೈವರ್ ಹಿಡಿದ ಯಾರಾದರೂ ಅದನ್ನು ಬಿಚ್ಚಿ ರಿಪೇರಿ ಮಾಡಬಹುದು. ಗೃಹಿಣಿಯಾಗಿ ನನ್ನ ಓಟು ಅದಕ್ಕೇ. ಕಣ್ಣು ಪಳಗಬೇಕೆಂದರೆ ಪುಣೆಯವರು ಕರ್ವೆ ರಸ್ತೆಯ ಜೋಶಿಯವರ ಪುಟಾಣಿ ರೈಲು ಸಂಗ್ರಹಾಲಯಕ್ಕೆ ಹೋಗಿ. ಭಾವುಸಾಹೇಬ್ ಜೋಶಿಯವರ ಹವ್ಯಾಸದಿಂದ ಬೆಳೆದು, 1998ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ನಿಂತ ಎಂಜಿನ್ನಿಗಿಂತ ಓಡುವ ಎಂಜಿನ್ ಹೆಚ್ಚು ಕಲಿಸುತ್ತದೆ.

ಗುಣ ಹೀಗೆ ತಿಳಿಯಿತು. ಬೆಲೆಗೆ ಬಂದಾಗ ಹುಡುಗನ ಮುಖ ಇಳಿಯಿತು. ನಮ್ಮದು 3000 ಎಂಬ ನಂಬರಿನ ಮಾದರಿ. ಗಟ್ಟಿಯಾಗಿದ್ದು ಅಗ್ಗವಾಗಿದ್ದ ಕಾರಣ ಕಂಪನಿ ಇದನ್ನು ಹಲವು ದಶಕ ತಯಾರಿಸಿತು, ಜರ್ಮನಿಯಲ್ಲಿ ಮನೆಮನೆಗೂ ಹೋಯಿತು. ಎಲ್ಲರ ಹತ್ತಿರ ಇರುವುದಕ್ಕೆ ಯಾರು ಲಕ್ಷ ಕೊಡುತ್ತಾರೆ? ಹಳೆಯದು ಎಂದ ಮಾತ್ರಕ್ಕೆ ಅಪರೂಪವಲ್ಲ. ಮಾರಾಟವಾದ ಬೆಲೆಗಳನ್ನು ನೋಡಿದೆವು, ಕೇಳುವ ಬೆಲೆಗಳನ್ನಲ್ಲ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳುತ್ತಾರೆ. ಕೆಲವು ಸಾವಿರದ ಮಾತು, ಅಷ್ಟೆ. “ಮೂಲ ಡಬ್ಬಿ ಇದ್ದರೆ ಇನ್ನಷ್ಟು ಬರುತ್ತಿತ್ತು ಚಿಕ್ಕಮ್ಮ, ಅದೆಲ್ಲಿ?” ಎಂದ ಹುಡುಗ.

ಡಬ್ಬಿ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಮದುವೆಯಾಗಿ ಬಂದ ಮೂರನೆಯ ವರ್ಷ ದೀಪಾವಳಿಗೆ ಅಟ್ಟ ಗುಡಿಸುವಾಗ ಖಾಲಿ ರಟ್ಟಿನ ಡಬ್ಬಿಗಳನ್ನೆಲ್ಲ ರದ್ದಿಯವನಿಗೆ ಹಾಕಿದ್ದೆ. ಅದೇ ವಾರ ಮಾವನವರು “ನೀಲಿ ಡಬ್ಬಿ ಕಂಡೆಯಾ?” ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಅವರು ಇನ್ನೊಮ್ಮೆ ಕೇಳಲಿಲ್ಲ. ತಾವೇ ಎಲ್ಲೋ ಕಳೆದೆನೆಂದು ಎಷ್ಟೋ ದಿನ ಅಟ್ಟ ಹತ್ತಿ ಇಳಿಯುತ್ತಿದ್ದರು. ಆ ಮಾತನ್ನು ಈಗ ಎಲ್ಲರೆದುರು ಹೇಳಿದೆ. ನಮ್ಮ ಮನೆಯವರು ಸುಮ್ಮನಿದ್ದರು. ಭಾವನವರು, “ಅಪ್ಪನಿಗೆ ಗೊತ್ತಿತ್ತಮ್ಮ, ರದ್ದಿಯವನ ಗಾಡಿಯಲ್ಲಿ ನೋಡಿದ್ದರಂತೆ” ಎಂದರು. ನನಗೆ ಮುಂದೆ ಮಾತು ಹೊರಡಲಿಲ್ಲ.

ಡಬ್ಬಿಯಿಲ್ಲದ ಬೆಲೆಯ ಅರ್ಧವನ್ನು ಹುಡುಗ ಕೊಟ್ಟ. ಎಂಜಿನ್ ಈಗ ಠಾಣೆಯಲ್ಲಿ ಅವನ ಮನೆಯಲ್ಲಿದೆ. ಫೋಮಿನಲ್ಲಿ ಸುತ್ತಿಡಬೇಡ, ಅದು ಕಾಲಾಂತರದಲ್ಲಿ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ ಎಂದು ಹೇಳಿ, ನನ್ನ ಹಳೆಯ ಇಳಕಲ್ ಸೀರೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದೇನೆ. ಅದರಿಂದ ಬೆಲೆಯೇನೂ ಏರುವುದಿಲ್ಲ.