ಮುಗಿದ ಕಥೆಯ ಮುಂದಿನ ಪುಟ

ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತ ಕೆರೆಯ ನೀರು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಕನ್ನಡ ಕೇಳಿಸಿಕೊಂಡು “ಯಾವೂರ್ರಿ ನಿಮ್ಮದು?” ಎಂದು ವಿಚಾರಿಸಿದರು. ಆಮೇಲೆ ತಾವಾಗಿಯೇ ಕೈಚಾಚಿ ತೋರಿಸಿದರು: “ಸಿದ್ಧರಾಮ ಈ ಕೆರಿ ತೋಡಿಸೂ ಮುಂದ ಅಲ್ಲಮಪ್ರಭು ಬಂದಿದ್ದ ನೋಡ್ರಿ. ಮಂದಿ ಕಲ್ಲು ಒಗದ್ರು. ಒಂದೂ ಬಡೀಲಿಲ್ಲ.” ಕಣ್ಣಾರೆ ಕಂಡವರ ಧಾಟಿ. ನನಗೆ ಮೈ ಜುಮ್ಮೆಂದಿತು.

ಆ ಪ್ರಸಂಗ ನಾವು ಓದುವುದು ಶೂನ್ಯಸಂಪಾದನೆಯಲ್ಲಿ. ಶರಣರು ಬಾಳಿದ್ದು 12ನೆಯ ಶತಮಾನದಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆಯನ್ನು ಹೆಣೆದದ್ದು 15ನೆಯ ಶತಮಾನದಲ್ಲಿ. ಯಾರ ವಚನ ಯಾರಿಗೆ ಉತ್ತರವಾಗಿದ್ದೀತು, ಅಲ್ಲಮ ಸೊನ್ನಲಿಗೆಗೆ, ಅಂದರೆ ಇದೇ ಸೊಲ್ಲಾಪುರಕ್ಕೆ, ಬಂದಾಗ ಸಿದ್ಧರಾಮನಿಗೆ ಏನಂದಿದ್ದಾನು ಎಂದು ಧ್ಯಾನಿಸಿ ಮಾತುಕತೆ ಕಟ್ಟಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇಷ್ಟಕ್ಕೆ ತಣಿಯದೆ ಅದನ್ನೇ ಮತ್ತೆ ಬರೆದರು, ತಿದ್ದಿದರು, ಬೆಳೆಸಿದರು. ಓಲೆಗರಿಯಿಂದ ಓಲೆಗರಿಗೆ, ಮಠದಿಂದ ಮಠಕ್ಕೆ ಅದು ಕೈಬರಹದಲ್ಲೇ ಹರಿದಾಡಿತು.

ನಾನು ಊರು ಬಿಟ್ಟಾಗ ತಲೆತುಂಬ ಇದ್ದದ್ದು ವೈಜ್ಞಾನಿಕ ಕಥೆಗಳ ಅಭಿಮಾನಿ ಪತ್ರಿಕೆಗಳು. 1930ರ ಮೇ ತಿಂಗಳಲ್ಲಿ ಶಿಕಾಗೋದ ಓದುಗರ ಕೂಟವೊಂದು ‘ದಿ ಕಾಮೆಟ್’ ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸಿತು. ವೈಜ್ಞಾನಿಕ ಕಥೆಗಳ ಅಭಿಮಾನಿ ಪತ್ರಿಕೆಗಳಲ್ಲಿ ಅದೇ ಮೊದಲನೆಯದು. 1967ರಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ‘ಸ್ಪೊಕನೇಲಿಯ’ ತಂದರು. ತೆರೆಯ ಮೇಲೆ ಕಂತು ಮುಗಿದರೂ ಇವರ ಮನಸ್ಸಿನಲ್ಲಿ ಅದರ ಪಾತ್ರ ಸ್ಪಾಕ್ ಮಾತಾಡುತ್ತಲೇ ಇದ್ದ. ಕೇಳಿಸಿದ್ದನ್ನು ಬರೆದರು, ಅಂಚೆಯಲ್ಲಿ ಹಂಚಿಕೊಂಡರು. ಸಂಬಳವಿಲ್ಲ, ಅಪ್ಪಣೆಯಿಲ್ಲ, ಬರೀ ಪ್ರೀತಿ. ಈ ಕೆರೆಯ ದಂಡೆಯಲ್ಲಿ ನಿಂತಾಗ ಆ ಪ್ರೀತಿ ನನಗೆ ತೀರ ಪರಿಚಿತವೆನಿಸಿತು. ಶೂನ್ಯಸಂಪಾದನೆಯ ಪರಾಮರ್ಶೆ ಬರೆದು 1972ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಸಂ.ಶಿ. ಭೂಸನೂರಮಠ, ಕನ್ನಡಕ್ಕೆ ವೈಜ್ಞಾನಿಕ ಕಾದಂಬರಿಗಳನ್ನು ಕೊಟ್ಟವರು ರಾಜಶೇಖರ ಭೂಸನೂರಮಠ. ಶೂನ್ಯ ಮತ್ತು ಬಾಹ್ಯಾಕಾಶ ಒಂದೇ ಅಡ್ಡಹೆಸರಿನ ಕೆಳಗೆ!

ಅಕ್ಕಲಕೋಟೆಯ ಬಸ್ಸಿನಲ್ಲಿ ಬೋರ್ಡು ಮರಾಠಿ, ಹರಟೆ ಕನ್ನಡ. ಹಾದಿಯುದ್ದಕ್ಕೂ ನನಗೆ ಜಯಂತ ನಾರಳೀಕರರ ನೆನಪು. ಕೊಲ್ಹಾಪುರದಲ್ಲಿ ಹುಟ್ಟಿದ ಈ ಖಗೋಳ ವಿಜ್ಞಾನಿ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಕಳಿಸಿದ್ದು ನಾರಾಯಣ ವಿನಾಯಕ ಜಗತಾಪ ಎಂಬ ಹುಸಿ ಹೆಸರಿನಲ್ಲಿ. ತಮ್ಮ ಅಕ್ಷರದ ಗುರುತು ಸಿಗದಿರಲೆಂದು ಹೆಂಡತಿ ಮಂಗಲಾ ಅವರ ಕೈಯಿಂದ ಪ್ರತಿ ಮಾಡಿಸಿದ್ದರು. ಮೊದಲ ಬಹುಮಾನ ಬಂತು. ಅಷ್ಟು ದೊಡ್ಡ ವಿಜ್ಞಾನಿ ಹವ್ಯಾಸಿಗಳ ಸಾಲಿನಲ್ಲಿ ಹೆಸರಿಲ್ಲದೆ ನಿಂತರಲ್ಲ, ಅದು ನನಗೆ ಬಹುಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಕ್ಕಲಕೋಟೆಯಲ್ಲಿ ಇನ್ನೊಂದು ಬೆರಗು ಕಾದಿತ್ತು. ಮರಾಠಿ ತನಗೆ ಬಾರದ ಭಾಷೆ ಎಂದು ಹೇಳಿಕೊಂಡೇ ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ಗುರುಚರಿತ್ರೆ, ಗಾಣಗಾಪುರದ ನೃಸಿಂಹ ಸರಸ್ವತಿಗಳು ಶ್ರೀಶೈಲದ ಕದಳೀವನದತ್ತ ಹೊರಟುಹೋಗುವಲ್ಲಿಗೆ ಮುಗಿಯುತ್ತದೆ. ಇಲ್ಲಿನ ಭಕ್ತರ ಪಾಲಿಗೆ ಅದು ಮುಗಿದಿಲ್ಲ. ಅವರು ಕದಳೀವನದಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷ ಸಮಾಧಿಯಲ್ಲಿದ್ದರು, ಮೇಲೆ ಹುತ್ತ ಬೆಳೆಯಿತು, ಸೌದೆ ಕಡಿಯುವವನ ಕೊಡಲಿ ತಾಗಿ ಎಚ್ಚೆತ್ತರು, 1878ರಲ್ಲಿ ಇಲ್ಲಿ ದೇಹ ಬಿಟ್ಟ ಸ್ವಾಮಿ ಸಮರ್ಥರು ಅವರೇ ಎಂಬುದು ಇಲ್ಲಿಯ ನಂಬಿಕೆ. ಭಕ್ತಿಯನ್ನೂ ಕಥೆಯ ಹುಚ್ಚನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೂ ಶತಮಾನಗಳ ನಿದ್ದೆಯಿಂದ ಏಳುವ ಅಂತರಿಕ್ಷಯಾನಿಗಳ ಕಥೆ ಓದಿ ಬೆಳೆದ ನಾನು ವಟವೃಕ್ಷದ ಗುಡಿಯಲ್ಲಿ ಇದನ್ನು ಕೇಳಿ ದಂಗಾಗಿ ನಿಂತೆ. ಪುಸ್ತಕ ನಿಂತ ಜಾಗದಿಂದಲೇ, ಅದೇ ಕದಳೀವನದಿಂದಲೇ, ಜನ ಕಥೆಯನ್ನು ಎತ್ತಿಕೊಂಡಿದ್ದಾರೆ.

ಗಾಣಗಾಪುರ ಇಲ್ಲಿಂದ ದೂರವಿಲ್ಲ, ಗಡಿ ದಾಟಿದರೆ ಅಫಜಲಪುರ ತಾಲೂಕು. ಹಿಂದಿನ ಅಧ್ಯಾಯದ ಊರನ್ನೂ ನೋಡಿಯೇ ಹೋಗೋಣವೆಂದು ಬಸ್ ನಿಲ್ದಾಣದ ಹಾದಿ ಹಿಡಿದೆ.